ಕೊನೆಯದಾಗಿ ಓದಿದ ಸಮಯ

ನಾನು ಮೊದಲು ಕೆಲಸಕ್ಕೆ ಸೇರಿದ ಹಾಲಿನ ಕೇಂದ್ರದಲ್ಲಿ ದೇವರ ಪಟದ ಪಕ್ಕ ಒಂದು ಸರ್ಟಿಫಿಕೇಟಿಗೆ ಫ್ರೇಮು ಹಾಕಿಸಿ ತೂಗುಹಾಕಿದ್ದರು. ಅದು ಮನುಷ್ಯರದ್ದಲ್ಲ, ಕಂಪ್ಯೂಟರಿನದ್ದು. ಈ ಯಂತ್ರದೊಳಗಿನ ಆಪರೇಟಿಂಗ್ ಸಿಸ್ಟಮ್ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡಿಗೆ ಅನುಗುಣವಾಗಿ ನಡೆದುಕೊಳ್ಳುತ್ತದೆ ಎಂದು ಅದರಲ್ಲಿ ಬರೆದು, ಕೆಳಗೆ ಇಬ್ಬರು ಸಹಿ ಹಾಕಿದ್ದರು. ಆಯುಧಪೂಜೆಯ ದಿನ ಅದಕ್ಕೂ ಅರಿಶಿನ ಕುಂಕುಮ ಬೀಳುತ್ತಿತ್ತು. ಮೂರು ವರ್ಷ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಬಂದು ಗಳಿಸಿದ ನನ್ನ ಡಿಪ್ಲೊಮಾ ಸರ್ಟಿಫಿಕೇಟು ಮಾತ್ರ ಮನೆಯ ಟ್ರಂಕಿನ ತಳದಲ್ಲಿ ನುಸಿಗುಳಿಗೆಗಳ ಜೊತೆ ಮಲಗಿತ್ತು.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಕೇಂದ್ರ ಇದ್ದದ್ದು ಹೊಸಕೋಟೆಯಿಂದ ನಂದಗುಡಿಗೆ ಹೋಗುವ ರಸ್ತೆಯಲ್ಲಿ. ಈಗ ಅದು ಇಲ್ಲ. ಆ ಜಾಗದಲ್ಲಿ ಯಾರದ್ದೋ ಗೋದಾಮು ಎದ್ದಿದೆ. ಸುತ್ತಲಿನ ಹಳ್ಳಿಗಳ ಸಂಘಗಳಿಂದ ಬೆಳಿಗ್ಗೆ ಕ್ಯಾನುಗಳಲ್ಲಿ ಹಾಲು ಬರುತ್ತಿತ್ತು. ಅದನ್ನು ತಣ್ಣಗೆ ಮಾಡಿ ಟ್ಯಾಂಕರಿಗೆ ತುಂಬಿ ಬೆಂಗಳೂರಿಗೆ ಕಳಿಸುವುದು ನಮ್ಮ ಕೆಲಸ. ಯಾವ ಸಂಘದಿಂದ ಎಷ್ಟು ಲೀಟರು, ಕೊಬ್ಬು ಎಷ್ಟು ಎಂಬ ಪಟ್ಟಿ ಟ್ಯಾಂಕರಿನ ಜೊತೆಗೇ ಹೋಗಬೇಕು. ಆ ಪಟ್ಟಿ ಮಾಡುವುದಕ್ಕಾಗಿ ಸೊಂಟದೆತ್ತರದ ಒಂದು ಕಂಪ್ಯೂಟರು, ಹಸಿರು ಅಕ್ಷರದ ನಾಲ್ಕು ಟರ್ಮಿನಲ್ಲು, ಗಂಟಲು ಕಟ್ಟಿದ ಮೇಕೆಯ ಹಾಗೆ ಕಿರುಚುವ ಒಂದು ಪ್ರಿಂಟರು ತಂದಿದ್ದರು. ಇಡೀ ಕೇಂದ್ರದಲ್ಲಿ ತಂಪು ಇದ್ದದ್ದು ಹಾಲಿಗೆ ಮತ್ತು ಕಂಪ್ಯೂಟರಿಗೆ. ಕಂಪ್ಯೂಟರು ನೋಡಿಕೊಳ್ಳುವವಳಾದ್ದರಿಂದ ನನಗೂ ಸ್ವಲ್ಪ ಸಿಗುತ್ತಿತ್ತು. ಅಷ್ಟಕ್ಕೇ ಎಲ್ಲರಿಗೂ ಹೊಟ್ಟೆಯುರಿ.

ನಮ್ಮೂರು ನಂದಗುಡಿಯಿಂದಾಚೆ. ಮನೆಯಲ್ಲಿ ರಾಗಿ ಹೊಲ, ಎರಡು ಹಸು. ಕುರ್ಚಿಯ ಮೇಲೆ ಕೂತು ಮಾಡುವ ಕೆಲಸ ಸಿಕ್ಕಿದ್ದು ನಮ್ಮ ವಂಶದಲ್ಲೇ ನನಗೆ ಮೊದಲು. ಕೇಂದ್ರದ ಹಿಂದಿನ ಬೀದಿಯಲ್ಲಿ ಚಿಕ್ಕಮ್ಮನ ಮನೆಯಿತ್ತು, ಅಲ್ಲೇ ಇದ್ದೆ. ಬೆಳಿಗ್ಗೆ ಐದೂವರೆಗೆ ಡ್ಯೂಟಿ. ಇಪ್ಪತ್ತಮೂರರ ವಯಸ್ಸಿಗೆ ನನ್ನ ತಲೆಯಲ್ಲಿದ್ದ ಕೊಬ್ಬನ್ನು ಅಳೆಯುವ ಮಿಷನ್ನು ಆ ಕೇಂದ್ರದಲ್ಲಿ ಇರಲಿಲ್ಲ.

ಅಲ್ಲಿ ಒಬ್ಬ ತಪಾಲು ಜವಾನರಿದ್ದರು. ನಿವೃತ್ತಿ ಹತ್ತಿರ ಬಂದಿತ್ತು. ಅವರ ಕಂಕುಳಲ್ಲಿ ಯಾವಾಗಲೂ ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ತಪಾಲು ಪುಸ್ತಕ. ಯಾರಿಗೆ ಯಾವ ಕಾಗದ ಕೊಟ್ಟರೂ ಅವರು ಓದಿ, ಆ ಪುಸ್ತಕದಲ್ಲಿ ಸಹಿ ಹಾಕಿ, ಸಹಿಯ ಕೆಳಗೆ ಗಂಟೆ ನಿಮಿಷ ಬರೆಯಬೇಕು. ಬರೆಯುವ ತನಕ ಇವರು ಅಲುಗುತ್ತಿರಲಿಲ್ಲ. "ಟೈಮ್ ಹಾಕಿ ಸಾ" ಎನ್ನುವುದು ಬಿಟ್ಟು ಬೇರೆ ಮಾತೇ ಇಲ್ಲ. ಹಳ್ಳಿಗಳಿಂದ ಹಸು ಎಮ್ಮೆಗೆ ಹುಷಾರಿಲ್ಲವೆಂದು ಫೋನು ಬಂದರೆ ಅದನ್ನು ಚೀಟಿಯಲ್ಲಿ ಬರೆದುಕೊಂಡು ನೂರು ಹೆಜ್ಜೆ ದೂರದ ಪಶುವೈದ್ಯರ ಕ್ವಾರ್ಟರ್ಸಿಗೆ ಒಯ್ಯುವವರೂ ಇವರೇ. ಡಾಕ್ಟರು ಸ್ನಾನಕ್ಕೆ ಹೋಗಿದ್ದರೆ ಬಚ್ಚಲಮನೆಯ ಬಾಗಿಲಲ್ಲಿ ನಿಂತು ಚೀಟಿಯನ್ನು ಗಟ್ಟಿಯಾಗಿ ಓದಿ, ಅವರು ಟವಲು ಸುತ್ತಿಕೊಂಡು ಬರುವ ತನಕ ಪುಸ್ತಕ ಬಿಚ್ಚಿ ಹಿಡಿದೇ ನಿಂತಿರುತ್ತಿದ್ದರು. ಆ ಪುಸ್ತಕದ ಅರ್ಧ ಸಹಿಗಳು ನೀರಿನಲ್ಲಿ ಕದಡಿದ್ದು ಆ ಕಾರಣಕ್ಕೆ.

ಡಾಕ್ಟರೆಂದರೆ ಬಾಯಿಬಡುಕ. ಕೈ ಮಾತ್ರ ಬಂಗಾರ. ಅವರು ಮುಟ್ಟಿದ ಹಸು ಏಳುತ್ತದೆ ಎಂದು ಹಳ್ಳಿಯವರು ನಂಬಿದ್ದರು, ಅವರು ಬೈಯುವುದನ್ನು ಔಷಧಿಯ ಭಾಗವೆಂದೇ ತಿಳಿದಿದ್ದರು. ನನ್ನನ್ನು "ಏಯ್ ಟೈಪಿಂಗು" ಎಂದು ಕರೆಯುತ್ತಿದ್ದರು. ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಇದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು.

ಒಂದು ದಿನ ಮ್ಯಾನೇಜರ ಮುಂದೆ ನಾನು ಜಂಬ ಕೊಚ್ಚಿಕೊಂಡೆ. ಮ್ಯಾನೇಜರಿಗೆ ಕಂಪ್ಯೂಟರೆಂದರೆ ಹೊಸ ಅಳಿಯನ ಮೇಲಿನಂಥ ಮೋಹ. "ಸಾರ್, ಈ ತಪಾಲು ಪುಸ್ತಕ ಯಾಕೆ? ಮಿಷನ್ನೇ ಬರೆದುಕೊಳ್ಳುತ್ತೆ" ಎಂದೆ. ಪ್ರತಿಯೊಂದು ಫೈಲಿಗೂ ಅದು ತಾನೇ ಸಮಯಗಳನ್ನು ಗುರುತು ಹಾಕಿಕೊಳ್ಳುತ್ತದೆ, ಬರೆದದ್ದು ಯಾವಾಗ, ಕೊನೆಯದಾಗಿ ಓದಿದ್ದು ಯಾವಾಗ ಎರಡೂ ಅಲ್ಲಿರುತ್ತವೆ ಎಂದು ವಿವರಿಸಿದೆ. ಓದಿದ ಸಮಯ ತೋರಿಸುವ ಕಮಾಂಡನ್ನು ಟೈಪ್ ಮಾಡಿ ತೋರಿಸಿದೆ. "ಯಾರೂ ಹೇಳಿಲ್ಲ ಅಂದ್ರೂ ಬರ್ಕೊಳತ್ತಾ?" ಎಂದು ಅವರು ಕೇಳಿದರು. "ಬರ್ಕೊಳ್ಳೇಬೇಕು ಸಾರ್, ಸ್ಟ್ಯಾಂಡರ್ಡೇ ಹಂಗೆ ಹೇಳತ್ತೆ" ಎಂದು ಗೋಡೆಯ ಫ್ರೇಮಿನ ಕಡೆ ಕೈ ತೋರಿಸಿದೆ. ಅವರು ಅದಕ್ಕೆ ಕೈಮುಗಿಯಲಿಲ್ಲ ಅಷ್ಟೇ.

ಮಾರನೆಯ ದಿನವೇ ಸುತ್ತೋಲೆ ಬಂತು. ಇನ್ನು ಮೇಲೆ ಕಾಯಿಲೆಯ ಕರೆಗಳನ್ನು ಕಂಪ್ಯೂಟರಿಗೆ ಟೈಪ್ ಮಾಡತಕ್ಕದ್ದು, ಒಂದು ಕರೆಗೆ ಒಂದು ಫೈಲು. ಡಾಕ್ಟರು ಬೆಳಿಗ್ಗೆ ಏಳರೊಳಗೆ ಆಚೆ ತುದಿಯ ಔಷಧಿ ಕೋಣೆಯ ಟರ್ಮಿನಲ್ಲಿನ ಮುಂದೆ ಕೂತು ಎಲ್ಲವನ್ನೂ ಓದಿಯೇ ಊರುಗಳಿಗೆ ಹೊರಡತಕ್ಕದ್ದು. ಓದಿದ್ದಾರೋ ಇಲ್ಲವೋ ಎಂಬುದಕ್ಕೆ ಯಂತ್ರವೇ ಸಾಕ್ಷಿ. ಡಾಕ್ಟರು ಅದನ್ನು ಓದಿ ಯಂತ್ರದ ತಾಯಿಯನ್ನು ನೆನೆಸಿಕೊಂಡರು. ಜವಾನರು ಪುಸ್ತಕವನ್ನು ಹಳೆಯ ಪೇಪರಿನಲ್ಲಿ ಸುತ್ತಿ ಬೀರುವಿನ ಮೇಲಿಟ್ಟು ನನ್ನ ಹತ್ತಿರ ಬಂದರು.

"ಅಮ್ಮಾವ್ರೆ, ಅದು ಬರ್ಕೊಳದು ಸರಿ. ಓದಿ ಅಂತ ಹೋಗಿ ಹೇಳೋರ್ಯಾರು?"

ನಾನು ನಕ್ಕೆ. ಅಷ್ಟು ಚಂದವಾಗಿ ನಕ್ಕದ್ದು ಈಗಲೂ ನೆನಪಿದೆ, ನೆನಪಾದರೆ ನಾಚಿಕೆಯಾಗುತ್ತದೆ.

ಕೆಲವು ತಿಂಗಳು ಎಲ್ಲ ಸರಿಯಾಗಿಯೇ ನಡೆಯಿತು. ಡಾಕ್ಟರು ಬೈದುಕೊಂಡೇ ಬಂದು ಬೈದುಕೊಂಡೇ ಓದಿ ಹೋಗುತ್ತಿದ್ದರು. ತೊಂದರೆ ಶುರುವಾದದ್ದು ಬೇಸಿಗೆಯಲ್ಲಿ, ಅದೂ ಹಾಲಿನ ಪಟ್ಟಿಯಲ್ಲಿ. ಸಂಘಗಳು ಹೆಚ್ಚಾಗಿದ್ದವು. ಪ್ರತಿ ಸಂಘಕ್ಕೆ, ಪ್ರತಿ ಹೊತ್ತಿಗೆ ಒಂದೊಂದು ಪುಟ್ಟ ಫೈಲು ಮಾಡುವಂತೆ ಆ ಪ್ರೋಗ್ರಾಮನ್ನು ಬರೆದವಳು ನಾನೇ. ಪಟ್ಟಿ ಮಾಡುವಾಗ ಯಂತ್ರ ಆ ನೂರಾರು ಫೈಲುಗಳನ್ನು ಒಂದೊಂದಾಗಿ ತೆಗೆದು ಓದಬೇಕು. ಓದಿದ್ದಕ್ಕೆಲ್ಲ 'ಓದಿದೆ, ಇಷ್ಟು ಗಂಟೆಗೆ' ಎಂದು ಡಿಸ್ಕಿನ ಮೇಲೆ ಗುರುತೂ ಹಾಕಬೇಕು. ಅಂದರೆ ಒಂದು ಸಲ ಓದಿದರೆ ಒಂದು ಸಲ ಬರೆಯಲೇಬೇಕು. ನಮ್ಮ ಜವಾನರು ನೂರಾರು ಜನರ ಮುಂದೆ ನಿಂತು "ಟೈಮ್ ಹಾಕಿ ಸಾ" ಅಂದರೆ ಎಷ್ಟು ಹೊತ್ತು ಹಿಡಿಯುತ್ತದೋ ಅಷ್ಟು ಹೊತ್ತು ಹಿಡಿಯುತ್ತಿತ್ತು. ಡಿಸ್ಕು ಕಟಕಟ ಎಂದು ಹಲ್ಲು ಕಡಿಯುತ್ತಿದ್ದರೆ ಹೊರಗೆ ಟ್ಯಾಂಕರಿನ ಡ್ರೈವರು ಹಾರನ್ನಿನ ಮೇಲೆ ಕೈಯಿಟ್ಟು ಕೂತಿರುತ್ತಿದ್ದ. ಒಂದು ದಿನ ಹಾಲು ಬೆಂಗಳೂರಿನ ಗೇಟಿನಲ್ಲಿ ಪರೀಕ್ಷೆಗೆ ನಿಲ್ಲದೆ ಹುಳಿಯಾಗಿ ವಾಪಸ್ಸು ಬಂತು. ಇಡೀ ಟ್ಯಾಂಕರು ಹಾಲನ್ನು ಕೇಂದ್ರದ ಹಿಂದಿನ ಮೋರಿಗೆ ಬಿಟ್ಟರು. ಬೆಳ್ಳಗೆ ಹರಿಯುತ್ತಿದ್ದ ಆ ಮೋರಿಯನ್ನು ನೋಡಿ, ಹಸು ಸಾಕಿದ ಮನೆಯವಳಾದ ನನಗೆ ಅಳುವೇ ಬಂತು.

"ಏನಾದ್ರೂ ಮಾಡಮ್ಮ" ಎಂದರು ಮ್ಯಾನೇಜರು.

ಯಂತ್ರ ಮಾರಿದ ಕಂಪನಿಯ ಎಂಜಿನಿಯರೊಬ್ಬ ಬೆಂಗಳೂರಿನಲ್ಲಿದ್ದ. ಮುಖ ನೋಡಿರಲಿಲ್ಲ, ಫೋನಿನಲ್ಲಿ ಮಾತ್ರ ಪರಿಚಯ. ಅವನಿಗೆ ಎಲ್ಲ ಹೇಳಿದೆ.

"ಒಂದು ಪ್ಯಾಚ್ ಇದೆ, ಸಿಸ್ಟಮ್‌ಗೆ ಹಾಕೋ ತೇಪೆ ಅಂದ್ಕೊಳ್ಳಿ" ಎಂದ. "ಓದಿದ ಟೈಮ್ ಬರ್ಕೊಳೋದನ್ನೇ ನಿಲ್ಲಿಸಿಬಿಡತ್ತೆ. ಆದ್ರೆ ಆಮೇಲೆ ಅದು ಸ್ಟ್ಯಾಂಡರ್ಡ್ ಪ್ರಕಾರ ಇರಲ್ಲ. ನಾನ್ ಹೇಳ್ದೆ ಅಂತ ಎಲ್ಲೂ ಬಾಯಿ ಬಿಡ್ಬೇಡಿ."

"ಓದಿದ ಟೈಮು ಯಾರಿಗ್ರೀ ಬೇಕು?" ಎಂದೆ.

ಹೌದು, ನಾನೇ ಅಂದೆ. ಇದೇ ಬಾಯಿಂದ. ಆರು ತಿಂಗಳ ಹಿಂದೆ ಮ್ಯಾನೇಜರ ಮುಂದೆ ಕೊಚ್ಚಿಕೊಂಡ ಮಾತು ಆ ಕ್ಷಣದಲ್ಲಿ ನನ್ನ ತಲೆಯ ಹತ್ತಿರವೂ ಸುಳಿಯಲಿಲ್ಲ. ನನಗೆ ಕಾಣುತ್ತಿದ್ದದ್ದು ಮೋರಿಯ ಹಾಲು ಮಾತ್ರ. ಸ್ಟ್ಯಾಂಡರ್ಡು ಬರೆದವರು ಯಾವುದೋ ಚಳಿದೇಶದ ಜನ, ಅವರ ಹಾಲು ಹೊರಗಿಟ್ಟರೂ ಕೆಡುವುದಿಲ್ಲ, ಅವರಿಗೇನು ಗೊತ್ತು ಎಂದು ಮನಸ್ಸಿನಲ್ಲೇ ಬೈದುಕೊಂಡು, ಅವನು ಹೇಳಿದ ಅಂಕಿಗಳನ್ನು ಒಂದೊಂದಾಗಿ ಟೈಪ್ ಮಾಡಿದೆ. ಮಾರನೆಯ ಬೆಳಿಗ್ಗೆ ಮುಕ್ಕಾಲು ಗಂಟೆಯ ಪಟ್ಟಿ ಕಾಲು ಗಂಟೆಯಲ್ಲಿ ಬಂತು. ಡ್ರೈವರು ಬಾಯಲ್ಲಿದ್ದ ಬೀಡಿ ಹಚ್ಚುವುದಕ್ಕೂ ಪುರುಸೊತ್ತಿಲ್ಲದೆ ಹೊರಟ. ಮ್ಯಾನೇಜರು ಮೈಸೂರುಪಾಕು ತರಿಸಿದರು. ಡಾಕ್ಟರು ಕೂಡ ಎರಡು ಚೂರು ತಿಂದು "ಟೈಪಿಂಗು ಪರವಾಗಿಲ್ಲ" ಎಂದರು. ಫ್ರೇಮಿನೊಳಗಿನ ಸರ್ಟಿಫಿಕೇಟನ್ನು ನೋಡಿದಾಗ ಮಾತ್ರ ನೈವೇದ್ಯಕ್ಕೆ ಮೊದಲೇ ತಟ್ಟೆಗೆ ಕೈಹಾಕಿದವಳ ಹಾಗೆ ಆಗಿ ಮುಖ ತಿರುಗಿಸಿಕೊಂಡೆ.

ಎರಡು ತಿಂಗಳು ರಾಣಿಯ ಹಾಗೆ ಮೆರೆದೆ.

ಆಮೇಲೆ ಒಂದು ಬೆಳಿಗ್ಗೆ ಐದೂ ನಲವತ್ತಕ್ಕೆ ಫೋನು ಬಂತು. ನಮ್ಮೂರಿನ ಪಕ್ಕದ ಹಳ್ಳಿಯ ಸಂಘದ ಕಾರ್ಯದರ್ಶಿ. ಅಲ್ಲಿಯ ಒಬ್ಬ ಅಜ್ಜಿಯ ಹಸು ಕರು ಹಾಕಿದೆ, ಹಾಕಿದ್ದೇ ನೆಲ ಹಿಡಿದಿದೆ, ಕುತ್ತಿಗೆ ಪಕ್ಕಕ್ಕೆ ತಿರುಗಿಸಿಕೊಂಡು ಮಲಗಿದೆ. ಆ ಅಜ್ಜಿ ನನಗೆ ಗೊತ್ತು. ಚಿಕ್ಕಂದಿನಲ್ಲಿ ನಾವು ಅವರ ಹೊಲದ ಅವರೆಕಾಯಿ ಕದ್ದು ಕೈಗೆ ಸಿಕ್ಕಿಬಿದ್ದು, ಬೈಸಿಕೊಂಡು, ಅದೇ ಅವರೆಕಾಯಿಯನ್ನು ಅವರ ಮನೆಯಲ್ಲೇ ಬೇಯಿಸಿಕೊಂಡು ತಿಂದಿದ್ದೆವು. ಕುತ್ತಿಗೆ ತಿರುಗಿಸಿದ ಹಸುವೆಂದರೆ ಹಾಲುಜ್ವರ ಎಂದು ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು. ಬೇಗ ಒಂದು ಬಾಟಲಿ ಕ್ಯಾಲ್ಸಿಯಂ ನರಕ್ಕೆ ಹೋದರೆ ಎದ್ದು ಮೇವಿಗೆ ಬಾಯಿ ಹಾಕುತ್ತದೆ. ತಡವಾದರೆ ಮುಗಿಯಿತು.

ಎಲ್ಲ ಗೊತ್ತಿದ್ದೂ ನಾನು ಟೈಪ್ ಮಾಡಿದೆ. ಊರು, ಹೆಸರು, ಲಕ್ಷಣ, ಎಲ್ಲವನ್ನೂ ತಪ್ಪಿಲ್ಲದೆ ಟೈಪ್ ಮಾಡಿ ಹಾಲಿನ ಚೀಟಿಗಳಿಗೆ ಕೈಹಾಕಿದೆ. ಡಾಕ್ಟರ ಮನೆ ನೂರು ಹೆಜ್ಜೆ. ಎದ್ದು ಹೋಗಿ ಬಾಗಿಲು ಬಡಿಯಬಹುದಿತ್ತು. ಹೇಳುವುದು ನನ್ನ ಕೆಲಸವಲ್ಲ, ಓದುವುದು ಅವರ ಕೆಲಸ ಎಂದುಕೊಂಡೆನೋ, ಏನೂ ಅಂದುಕೊಳ್ಳಲೇ ಇಲ್ಲವೋ, ಇವತ್ತಿಗೂ ನನಗೆ ಸರಿಯಾಗಿ ಗೊತ್ತಿಲ್ಲ.

ಡಾಕ್ಟರು ಅಜ್ಜಿಯ ಕೊಟ್ಟಿಗೆ ಮುಟ್ಟಿದಾಗ ಹನ್ನೊಂದು ಗಂಟೆ. ಹಸು ಸತ್ತಿತ್ತು. ಅಜ್ಜಿಗಿದ್ದದ್ದು ಅದೊಂದೇ.

ಮಧ್ಯಾಹ್ನದ ಹೊತ್ತಿಗೆ ಆ ಊರಿನ ಗಂಡಸರು ಟ್ರ್ಯಾಕ್ಟರು ತುಂಬಿಕೊಂಡು ಬಂದರು. ಮ್ಯಾನೇಜರು ಡಾಕ್ಟರನ್ನು ಕರೆಸಿದರು. "ಆರೂವರೆಗೇ ಓದಿದೀನ್ರೀ" ಎಂದು ಡಾಕ್ಟರು ಅಬ್ಬರಿಸಿದರು. "ಇನ್ನೊಂದೂರಲ್ಲಿ ಕರು ಅಡ್ಡ ಸಿಕ್ಕಾಕ್ಕೊಂಡಿತ್ತು. ಎರಡು ಜೀವ. ಯಾವುದು ಮೊದ್ಲು ಅಂತ ನಾನ್ ತೀರ್ಮಾನ ಮಾಡ್ಬೇಕು, ನೀವಲ್ಲ." ಓದಿ, ತೂಗಿ, ಮೊದಲು ಅಲ್ಲಿಗೆ ಹೋಗಿದ್ದರೆ ತಪ್ಪಿಲ್ಲ, ನಿಯಮದಲ್ಲಿ ಅದು ಡಾಕ್ಟರ ವಿವೇಚನೆ. ಓದದೇ ಹೋಗಿದ್ದರೆ ಕರ್ತವ್ಯಲೋಪ. ಮ್ಯಾನೇಜರು ನನ್ನ ಕೋಣೆಗೆ ಬಂದು, ನಾನು ಕಲಿಸಿದ್ದ ಕಮಾಂಡನ್ನು ಒಂದು ಬೆರಳಿನಲ್ಲಿ ಕುಟ್ಟಿದರು. ಬರೆದ ಸಮಯ: ಐದೂ ನಲವತ್ತು. ಕೊನೆಯದಾಗಿ ಓದಿದ ಸಮಯ: ಐದೂ ನಲವತ್ತು. ಅಂದರೆ ಬರೆದ ಮೇಲೆ ಯಾರೂ ಅದನ್ನು ತೆರೆದಿಲ್ಲ.

"ಮಿಷನ್ ಸುಳ್ಳು ಹೇಳತ್ತೇನ್ರೀ?" ಎಂದು ಹೇಳಿ ಮ್ಯಾನೇಜರು ಹೊರಟುಹೋದರು.

ಆಗ ನನಗೆ ಹೊಳೆಯಿತು. ಯಂತ್ರ ಎರಡು ತಿಂಗಳಿಂದ ಓದಿದ ಸಮಯವನ್ನು ಬರೆದುಕೊಳ್ಳುತ್ತಲೇ ಇಲ್ಲ. ಹಾಗೆ ಮಾಡಿದವಳು ನಾನು.

ಡಾಕ್ಟರಿಗೆ ಮೆಮೊ ಕೊಟ್ಟರು. ಮೂರನೆಯ ದಿನ ಮೇಲಿನ ಕಚೇರಿಯಿಂದ ಅಧಿಕಾರಿ ಬಂದು ವಿಚಾರಣೆ ಮಾಡುತ್ತಾರೆ, ಯಂತ್ರದ ಸಾಕ್ಷಿ ನಿಂತರೆ ಸಸ್ಪೆಂಡು. ಅವರಿಗೆ ಎರಡು ವರ್ಷದ ಸರ್ವೀಸು ಉಳಿದಿತ್ತು. ಆ ಮೂರು ದಿನ ಅವರು ಯಾರನ್ನೂ ಬೈಯಲಿಲ್ಲ, ಅದೇ ಎಲ್ಲರಿಗೂ ಭಯ ಹುಟ್ಟಿಸಿತು. ನಾನು ಬಾಯಿ ಬಿಟ್ಟರೆ ನನ್ನ ಕೆಲಸಕ್ಕೆ ಕುತ್ತು. ಬಿಡದಿದ್ದರೆ ನನಗೆ ಆಗದ ಮನುಷ್ಯ ತಾನಾಗಿಯೇ ತೊಲಗುತ್ತಾನೆ. ಅಲ್ಲದೆ ಅಜ್ಜಿ ನಮ್ಮ ಕಡೆಯವರು. ನಾನು ಡಾಕ್ಟರ ಪರ ನಿಂತರೆ ಊರಲ್ಲಿ ನಮ್ಮಪ್ಪನಿಗೆ ಯಾರು ಬೀಡಿಗೆ ಬೆಂಕಿ ಕೊಡುತ್ತಾರೆ? ಎರಡು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಅನ್ನ ಸೇರುತ್ತಿರಲಿಲ್ಲ. ಚಿಕ್ಕಮ್ಮ ನನಗೆ ದೃಷ್ಟಿಯಾಗಿದೆ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಇಬ್ಬರೂ ಕೆಮ್ಮಿದ್ದಷ್ಟೇ ಲಾಭ.

ವಿಚಾರಣೆಯ ದಿನ ಅಧಿಕಾರಿ, ಮ್ಯಾನೇಜರು, ಸಂಘದ ಕಾರ್ಯದರ್ಶಿ, ಬೆಂಚಿನ ತುದಿಯಲ್ಲಿ ಅಜ್ಜಿ. ನನ್ನನ್ನು ಯಂತ್ರ ತೋರಿಸುವುದಕ್ಕೆಂದು ಕರೆದಿದ್ದರು. ಅಧಿಕಾರಿ ಮೊದಲು ಅಜ್ಜಿಯನ್ನು ಕೇಳಿದರು.

"ನಾನೇನೇಳಾನ ಸ್ವಾಮಿ" ಎಂದರು ಅಜ್ಜಿ. "ಆಯಪ್ಪ ಬೋ ಬೈತನೆ. ಆದ್ರೆ ಗೊತ್ತಾದ್ರೆ ಬರ್ದೆ ಇರೋನಲ್ಲ. ಮಳೆ ಬಂದ್ರೂ ಬಂದವ್ನೆ, ಜ್ವರ ಇಟ್ಕಂಡೂ ಬಂದವ್ನೆ. ಓದಿಲ್ಲ ಅವ್ನು. ಓದಿದ್ರೆ ಬತ್ತಿದ್ದ."

ಡಾಕ್ಟರು ತಲೆಯೆತ್ತಲಿಲ್ಲ. "ಓದಿದೀನಿ" ಎಂದರು, ಮೆಲ್ಲಗೆ.

ಇನ್ನು ತಡೆಯಲಾಗಲಿಲ್ಲ. ಎದ್ದು ನಿಂತು, "ಸಾರ್, ಮಿಷನ್ ಹೇಳೋದನ್ನ ನಂಬಬೇಡಿ" ಎಂದೆ. ನನ್ನ ಧ್ವನಿ ನನಗೇ ಪ್ರಿಂಟರಿನ ಹಾಗೆ ಕೇಳಿಸಿತು. ತೇಪೆಯ ವಿಷಯ ಪೂರ್ತಿ ಹೇಳಿದೆ, ಎಂಜಿನಿಯರನ್ನು ಮಾತ್ರ ಬಿಟ್ಟೆ. ಆಮೇಲೆ ಏಳೆಂಟು ತಿಂಗಳ ಎಲ್ಲ ಕರೆಗಳ ಪಟ್ಟಿಯನ್ನು ಪರದೆಯ ಮೇಲೆ ಬಿಟ್ಟೆ. ಬೇಸಿಗೆಯ ತನಕ ಓದಿದ ಸಮಯ ಬೇರೆ ಬೇರೆ ಇತ್ತು: ಆರೂ ಇಪ್ಪತ್ತು, ಆರೂ ಮೂವತ್ತೈದು. ತೇಪೆ ಹಾಕಿದ ದಿನದಿಂದ ಒಂದೇ ಒಂದು ಕರೆಯನ್ನೂ ಯಾರೂ ಓದಿಲ್ಲ, ಎಲ್ಲದರಲ್ಲೂ ಬರೆದ ಸಮಯವೇ ಓದಿದ ಸಮಯ.

"ಅಂದ್ರೆ ಇದರ ಪ್ರಕಾರ ಎರಡು ತಿಂಗಳಿಂದ ಇವರು ಒಂದು ಪ್ರಾಣೀನೂ ನೋಡಿಲ್ಲ" ಎಂದರು ಅಧಿಕಾರಿ.

"ನಮ್ಮೆಮ್ಮೆ ನೋಡಿದ್ರಲ್ಲ ಸಾ" ಎಂದರು ಕಾರ್ಯದರ್ಶಿ ಗಾಬರಿಯಿಂದ. "ಇನ್ನೂ ಬದುಕೈತೆ, ಬೇಕಾದ್ರೆ ಬಂದ್ ನೋಡಿ."

ಅಧಿಕಾರಿ ಬಿದ್ದು ಬಿದ್ದು ನಕ್ಕರು. ಯಂತ್ರದ ಸಾಕ್ಷಿ ಬಿದ್ದುಹೋಯಿತು. ಉಳಿದದ್ದು ಡಾಕ್ಟರ ಮಾತು ಒಂದೇ. ಅದನ್ನು ಸುಳ್ಳೆನ್ನುವುದಕ್ಕೆ ಬೇರೆ ಏನೂ ಇರಲಿಲ್ಲ. ಓದಿ, ವಿವೇಚನೆಯಿಂದ ಇನ್ನೊಂದು ಊರಿಗೆ ಮೊದಲು ಹೋಗಿದ್ದಾರೆ ಎಂದು ಬರೆದುಕೊಂಡು ಪ್ರಕರಣ ಮುಗಿಸಿದರು. ಎಲ್ಲರೂ ಎದ್ದರು. ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಗಿತ್ತು.

ಅಜ್ಜಿ ಬಾಗಿಲ ಹತ್ತಿರ ಡಾಕ್ಟರ ಮುಂದೆ ನಿಂತರು. "ಓದ್ಬುಟ್ಟೂ ಬರ್ಲಿಲ್ವ ಸ್ವಾಮಿ?" ಎಂದು ಕೇಳಿದರು. ಸಿಟ್ಟಿನಲ್ಲಿ ಕೇಳಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದರು. ಡಾಕ್ಟರು ಕ್ವಾರ್ಟರ್ಸಿನ ಕಡೆ ನಡೆದುಬಿಟ್ಟರು.

ನನಗೊಂದು ಮೆಮೊ ಸಿಕ್ಕಿತು, ಕೆಲಸ ಹೋಗಲಿಲ್ಲ. ತೇಪೆ ಕಿತ್ತುಹಾಕಿದೆ. ಡಿಸ್ಕು ಮತ್ತೆ ಹಲ್ಲು ಕಡಿಯಿತು, ಡ್ರೈವರು ಮತ್ತೆ ಹಾರನ್ನು ಒತ್ತಿದ. ಆಮೇಲೆ ಮೊದಲೇ ಮಾಡಬೇಕಾಗಿದ್ದ ಕೆಲಸವನ್ನು ಮಾಡಿದೆ: ಪ್ರತಿ ಸಂಘಕ್ಕೊಂದು ಪುಟ್ಟ ಫೈಲಿನ ಬದಲು ಕ್ಯಾನು ತರುವ ಎಂಟು ಲಾರಿಗಳ ದಾರಿಗೆ ಒಂದೊಂದೇ ಫೈಲು. ನೂರಾರು ಸಲ ಗುರುತು ಹಾಕುವ ಕಡೆ ಎಂಟು ಸಲ ಹಾಕಿದರೆ ಸಾಕಾಯಿತು. ಪಟ್ಟಿ ಹೆಚ್ಚುಕಡಿಮೆ ಅಷ್ಟೇ ಬೇಗ ಬಂತು, ಸ್ಟ್ಯಾಂಡರ್ಡಿಗೂ ಸಿಟ್ಟು ಬರಲಿಲ್ಲ. ನಿಯಮ ಅಡ್ಡ ಬಂತೆಂದು ನಾನು ಕೂಗಾಡಿದ್ದು ನನ್ನದೇ ಕೆಟ್ಟ ಪ್ರೋಗ್ರಾಮನ್ನು ಮುಚ್ಚಿಕೊಳ್ಳುವುದಕ್ಕೆ ಎಂದು ಒಪ್ಪಿಕೊಳ್ಳುವುದಕ್ಕೆ ಆ ಹಾಲಿಗಿಂತ ಹೆಚ್ಚು ನಾನು ಹುಳಿಯಾಗಬೇಕಾಯಿತು.

ಹತ್ತು ಹದಿನೈದು ದಿನ ಕಳೆದಿರಬೇಕು. ಡಾಕ್ಟರು ನನ್ನ ಕೋಣೆಗೆ ಬಂದು ನಿಂತರು. ಅಜ್ಜಿಯ ತಬ್ಬಲಿ ಕರು ಭೇದಿಯಾಗಿ ಒಣಗುತ್ತಿದೆ, ಆದರೆ ಅಜ್ಜಿ ತನ್ನನ್ನು ಹೊಸ್ತಿಲು ದಾಟಲು ಬಿಡುತ್ತಿಲ್ಲ ಎಂದರು. "ನಿಮ್ಮ ಕಡೆಯೋರಲ್ವಾ. ನೀನು ಬಾರಮ್ಮ" ಎಂದರು. ಟೈಪಿಂಗು ಅನ್ನಲಿಲ್ಲ. ಸ್ಕೂಟರಿನಲ್ಲಿ ಕೂತರೆ ಊರವರು ಕತೆ ಕಟ್ಟುತ್ತಾರೆಂದು ನಾನು ಬಸ್ಸಿನಲ್ಲಿ ಹೋದೆ. ಅವರು ಬಸ್ಸಿನ ಹಿಂದೆಯೇ ಹೊಗೆ ಕುಡಿಯುತ್ತ ಬಂದರು. ಕಂಡಕ್ಟರು ಹಿಂದಕ್ಕೆ ನೋಡಿ ನೋಡಿ ನಗುತ್ತಿದ್ದ.

ಅಜ್ಜಿ ಜಗಲಿಯ ಮೇಲೆ ಹುರುಳಿ ಕೇರುತ್ತಿದ್ದರು. ನನ್ನನ್ನು ಕಂಡು "ಬಾ ಮಗ" ಎಂದರು. ಡಾಕ್ಟರನ್ನು ಕಂಡು ಮೊರದ ಕಡೆ ತಿರುಗಿದರು. ಡಾಕ್ಟರು ಚಪ್ಪಲಿ ಬಿಟ್ಟು ಅಂಗಳದಲ್ಲೇ ನಿಂತರು.

"ಓದಿರ್ಲಿಲ್ಲ ಕಣಮ್ಮ" ಎಂದರು.

ಮೊರ ನಿಂತಿತು.

"ಆ ಇನ್ನೊಂದೂರೋರು ಆರು ಗಂಟೆಗೇ ಮನೆ ಬಾಗ್ಲಿಗೆ ಬಂದ್ರು. ಎದ್ದವ್ನೇ ಹಂಗೇ ಹೊರಟೋದೆ, ಆ ಪರದೆ ಮುಂದೆ ಕೂರ್ಲೇ ಇಲ್ಲ. ಹತ್ತು ಗಂಟೆಗೆ ವಾಪಸ್ ಬಂದ್ ನೋಡ್ದೆ. ನೋಡ್ತಿದ್ದಂಗೇ ಓಡ್ಬಂದೆ. ಓದಿಲ್ಲ ಅಂದ್ರೆ ಕೆಲ್ಸ ಹೋಗತ್ತೆ ಅಂತ ಓದಿದೀನಿ ಅಂದ್ಬಿಟ್ಟೆ. ಓದ್ಬಿಟ್ಟು ಬರ್ಲಿಲ್ಲ ಅಂತ ನೀವು ತಿಳ್ಕೊಂಡಿರೋದು ನಂಗೆ ಸಹಿಸಕ್ಕಾಗ್ತಿಲ್ಲ."

ನನ್ನ ಮೈಯೆಲ್ಲ ಉರಿಯಿತು. ಈ ಮನುಷ್ಯನಿಗಾಗಿ ಎರಡು ದಿನ ಊಟ ಬಿಟ್ಟಿದ್ದೆ! ಕೆಲಸ ಹೋದರೂ ಹೋಗಲಿ ಎಂದು ಎದ್ದು ನಿಂತಿದ್ದೆ. ಆಮೇಲೆ ಲೆಕ್ಕ ಹಾಕಿದೆ, ಅದು ಇನ್ನೂ ಉರಿಸಿತು. ತೇಪೆ ಹಾಕದೇ ಇದ್ದಿದ್ದರೆ ಯಂತ್ರ 'ಕೊನೆಯದಾಗಿ ಓದಿದ್ದು ಹತ್ತು ಗಂಟೆಗೆ' ಎಂದು ತೋರಿಸುತ್ತಿತ್ತು, ಇವರು ನ್ಯಾಯವಾಗಿ ಸಿಕ್ಕಿಬೀಳುತ್ತಿದ್ದರು. ಮೊದಲು ನನ್ನ ತಪ್ಪು, ಆಮೇಲೆ ನನ್ನ ಪ್ರಾಮಾಣಿಕತೆ, ಎರಡೂ ಸೇರಿ ಇವರನ್ನು ಬಿಡಿಸಿದ್ದವು. ಬೈಯಬೇಕೆಂದು ಬಾಯಿ ತೆರೆದೆ. ಆ ಬಾಯಿಬಡುಕ ಮನುಷ್ಯ ಅಂಗಳದಲ್ಲಿ ಬರಿಗಾಲಿನಲ್ಲಿ, ಬೈಸಿಕೊಳ್ಳುವುದಕ್ಕೆಂದೇ ಬಂದವರ ಹಾಗೆ ನಿಂತಿದ್ದರು. ನಾನೂ ಅವತ್ತು ನೂರು ಹೆಜ್ಜೆ ನಡೆಯದವಳೇ. ಬಾಯಿ ಮುಚ್ಚಿಕೊಂಡೆ.

ಅಜ್ಜಿ ಮೊರವನ್ನು ಪಕ್ಕಕ್ಕಿಟ್ಟರು. "ನಂಗ್ ಗೊತ್ತಿತ್ತು ಬುಡಪ್ಪ" ಎಂದರು. "ಕರ ಒಳಗೈತೆ, ನೋಡೋಗು."

ಡಾಕ್ಟರು ಚೀಲ ಎತ್ತಿಕೊಂಡು ಕೊಟ್ಟಿಗೆಗೆ ಹೋದರು. ಅಜ್ಜಿ ನನ್ನ ಕಡೆ ತಿರುಗಿದರು.

"ಅಲ್ಲ ಮಗ, ನಿನ್ ಮಿಷನ್ನು ಓದಿಲ್ಲ ಅಂತಾನೇ ತಾನೆ ಹೇಳಿದ್ದು?"

"ಹೂಂ ಅಜ್ಜಿ."

"ನಾನೂ ಅದ್ನೇ ತಾನೆ ಹೇಳಿದ್ದು?"

"ಹೂಂ."

"ಮತ್ತೆ ನೀನ್ಯಾಕೆ ಎದ್ದು ನಿಂತ್ಕಂಡು ಇಬ್ರುನ್ನೂ ಸುಳ್ಳು ಮಾಡ್ದೆ?"

ನನ್ನ ಹತ್ತಿರ ಉತ್ತರವಿತ್ತು. ಯಂತ್ರಕ್ಕೆ ಏನೂ ಗೊತ್ತಿರಲಿಲ್ಲ, ಗೊತ್ತಿಲ್ಲದೆಯೇ ಸರಿ ಹೇಳಿತ್ತು, ಹಾಗೆ ಹೇಳಿದ್ದನ್ನು ಸಾಕ್ಷಿ ಎನ್ನಲಾಗುವುದಿಲ್ಲ. ಎಲ್ಲ ಸರಿಯಾದ ಮಾತೇ. ಆದರೆ ಅಜ್ಜಿಗೆ ಗೊತ್ತಿತ್ತು, ಗೊತ್ತಿದ್ದೇ ಹೇಳಿದ್ದರು. ಅಷ್ಟು ಜನ ಕೂತಿದ್ದ ಆ ಕೋಣೆಯಲ್ಲಿ ಅವರ ಮಾತನ್ನು ಸಾಕ್ಷಿಯೆಂದು ಒಬ್ಬರೂ ಬರೆದುಕೊಳ್ಳಲಿಲ್ಲ, ನಾನೂ ಬರೆದುಕೊಳ್ಳಿ ಎನ್ನಲಿಲ್ಲ.

"ಬಾರಮ್ಮ, ತಲೆ ಹಿಡ್ಕೊ" ಎಂದು ಒಳಗಿನಿಂದ ಡಾಕ್ಟರು ಕೂಗಿದರು. ನಾನು ಹೋಗಿ ಕರುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಅವರು ಸೂಜಿ ಚುಚ್ಚುವ ತನಕ ಗಟ್ಟಿಯಾಗಿ ಹಿಡಿದು ಕೂತೆ.